ಅಡ್ಡದಾರಿಯೇ ದೂರವಾದ ಕುರಿದೊಡ್ಡಿ

ಸೊನ್ನೆ ಹಾಕುವ ಅಧಿಕಾರವುಳ್ಳ ಮಾನ್ಯ ಪರೀಕ್ಷಾಧಿಕಾರಿಗಳೇ,

ನೀವು ಅಚ್ಚು ಹಾಕಿಸಿದ ಲೆಕ್ಕ ತಪ್ಪು. ಆ ತಪ್ಪನ್ನು ಕಂಡುಹಿಡಿದ ನನ್ನ ಮಗಳು ಸಪ್ಪಲಮ್ಮನಿಗೆ ಸೊನ್ನೆ. ಆ ಸೊನ್ನೆಯಿಂದಾಗಿ ಅವಳು ಫೇಲು. ಸೇಲಂನ ಟ್ರೈನಿಂಗ್ ಶಾಲೆ ಸೇರಿ ಉಪಾಧ್ಯಾಯಿನಿ ಆಗಬೇಕೆಂದಿದ್ದವಳಿಗೆ ಈಗ ಮನೆಯಲ್ಲಿ ಗಂಡು ಹುಡುಕುತ್ತಿದ್ದಾರೆ. ತಮಿಳಿನಲ್ಲಿ ಬರೆದ ಅರ್ಜಿಗಳಿಗೆ ನಿಮ್ಮಿಂದ ಉತ್ತರವಿಲ್ಲ. ಆದ್ದರಿಂದ ಸಿಟ್ಟು ಬಂದಾಗ ತಾನಾಗಿ ಬರುವ ಮನೆಮಾತಿನಲ್ಲಿ, ನಾಲ್ಕು ಜನ ಓದಲೆಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆ ಇದು: "ಆಯತಾಕಾರದ ಕುರಿದೊಡ್ಡಿಯ ಉದ್ದ, ಅಗಲ ಸೇರಿ ಮೂವತ್ತನಾಲ್ಕು ಗಜ. ಮೂಲೆಯಿಂದ ಎದುರು ಮೂಲೆಗೆ ಮೂವತ್ತಾರು ಗಜ. ಉದ್ದವೆಷ್ಟು, ಅಗಲವೆಷ್ಟು?" ಸ್ವಾಮಿ, ಬದಿ ಹಿಡಿದು ಸುತ್ತಿ ಹೋದರೆ ಮೂವತ್ತನಾಲ್ಕು, ನೇರ ಅಡ್ಡ ಹಾಯ್ದರೆ ಮೂವತ್ತಾರು! ಇದು ಯಾವ ಲೋಕದ ದೊಡ್ಡಿ? ಸಪ್ಪಲಮ್ಮ ಬೀಜಗಣಿತ ಹಾಕಿದಳು. ಮೂವತ್ತನಾಲ್ಕರ ವರ್ಗದಿಂದ ಮೂವತ್ತಾರರ ವರ್ಗ ಕಳೆದರೆ ವಿಸ್ತೀರ್ಣದ ಎರಡರಷ್ಟು ಸಿಗಬೇಕು. ಸಿಕ್ಕಿದ್ದು ಋಣ ನೂರನಲವತ್ತು. ಎಂದರೆ ದೊಡ್ಡಿಯ ವಿಸ್ತೀರ್ಣ ಸೊನ್ನೆಗಿಂತ ಎಪ್ಪತ್ತು ಚದರ ಗಜ ಕಡಿಮೆ! ಅಂಥ ನೆಲಕ್ಕೆ ಸರ್ಕಾರವೇ ನಮಗೆ ಕಂದಾಯ ಕಟ್ಟಬೇಕಾದೀತು. "ಇಂಥ ದೊಡ್ಡಿ ಇರಲಾರದು" ಎಂದು ಬರೆದು ಬಂದಳು.

ಪಠ್ಯಪುಸ್ತಕದಲ್ಲಿ ಇದೇ ಲೆಕ್ಕವಿದೆ. ಅಲ್ಲಿ ಕರ್ಣ ಇಪ್ಪತ್ತಾರು. ಪ್ರಶ್ನೆಯನ್ನು ಓದದೆ, ಬಾಯಿಪಾಠದ "ಇಪ್ಪತ್ತನಾಲ್ಕು, ಹತ್ತು" ಎಂದು ಗೀಚಿದವರಿಗೆಲ್ಲ ನೀವು ಪೂರ್ತಿ ಅಂಕ ಕೊಟ್ಟಿದ್ದೀರಿ. ಕಣ್ಣು ಮುಚ್ಚಿದವರು ಪಾಸು, ತೆರೆದವಳು ಫೇಲು.

ನಾನೂ ಸುಮ್ಮನೆ ಮಗಳ ಮಾತು ನಂಬಲಿಲ್ಲ. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಮಂದೆ ಕೂಡಿಹಾಕಿದ್ದ ಕುರಿಗಾರ ಚಿಕ್ಕಣ್ಣನ ಬಿದಿರು ತಟ್ಟಿಗಳನ್ನು ನಿಮ್ಮ ಅಳತೆಗೆ ನಿಲ್ಲಿಸಿ, ಮೂವತ್ತಾರು ಗಜದ ಹಗ್ಗ ಎಳೆದೆವು. ಎರಡೂ ಸೇರಿ ಮೂವತ್ತನಾಲ್ಕು ಮೀರದಂತೆ ಒಮ್ಮೆ ಉದ್ದ ಹೆಚ್ಚಿಸಿದೆವು, ಒಮ್ಮೆ ಅಗಲ ಹೆಚ್ಚಿಸಿದೆವು. ಪ್ರತಿ ಸಲವೂ ಹಗ್ಗ ಎದುರು ಮೂಲೆ ದಾಟಿ ಕಳ್ಳಿಬೇಲಿಗೆ ಬಿತ್ತು. "ಸಾಮಿ, ಈ ದೊಡ್ಡೀಲಿ ಕುರಿ ನಿಲ್ಲಾಕಿಲ್ಲ, ಪರೀಕ್ಸೆ ಆಪೀಸರೇ ನಿಲ್ಬೇಕು" ಎಂದು ಚಿಕ್ಕಣ್ಣ ನಕ್ಕ. ನನಗೆ ನಗು ಬರಲಿಲ್ಲ.

ನನ್ನ ತಾಯಿ ಸೊಣ್ಣಮ್ಮ ಮೊಮ್ಮಗಳನ್ನೇ ಬೈದರು: "ಎಲ್ರಂಗೆ ಬುಕ್ಕಲ್ಲಿರೋದು ಬರ್ದು ಬರೋಕೆ ನಿಂಗೇನಾಗಿತ್ತೇ? ಈಗ ಸೇಲಂಗೆ ಓಗ್ತಿರ್ಲಿಲ್ವಾ?"

"ಇಲ್ದಿರೋ ದೊಡ್ಡಿಗೆ ಉದ್ದ ಅಗಲ ಎಂಗಜ್ಜಿ ಬರೀಲಿ? ನಾಳೆ ಮಕ್ಳಿಗೂ ಅಂಗೇ ಏಳ್ಕೊಡ್ಲಾ?" ಎಂದಳು. ಆಮೇಲೆ ಒಳಗೆ ಹೋಗಿ ಅತ್ತಳು.

ಉಪಾಧ್ಯಾಯಿನಿಗೆ ಬೇಕಾದ ಗುಣ ಇದಲ್ಲದೆ ಮತ್ತಾವುದು?

ನನ್ನ ಬೇಡಿಕೆ ಸಣ್ಣದು. ಟ್ರೈನಿಂಗ್ ಶಾಲೆ ಬಾಗಿಲು ತೆರೆಯುವ ಮೊದಲು ಅವಳ ಅಂಕ ಅವಳಿಗೆ ಕೊಡಿ. ಆಗದೆಂದರೆ ಪೆನ್ನಾಗರಕ್ಕೆ ದಯಮಾಡಿಸಿ. ಆಯತಾಕಾರದ ಯಾವ ಹೊಲವನ್ನಾದರೂ ನೀವೇ ಆರಿಸಿ. ಒಂದೇ ಮೂಲೆಯಿಂದ ಇಬ್ಬರೂ ಸಮನಾದ ನಡಿಗೆಯಲ್ಲಿ ಹೊರಡೋಣ. ನೀವು ಅಡ್ಡ ಹಾಯಿರಿ, ನಾನು ಬದಿ ಹಿಡಿದು ಸುತ್ತಿ ಬರುತ್ತೇನೆ. ಎದುರು ಮೂಲೆಯನ್ನು ನಾನೇ ಮೊದಲು ಮುಟ್ಟಿದರೆ ನಿಮ್ಮ ಲೆಕ್ಕ ಸರಿ, ಮಗಳಿಗೆ ಮದುವೆ ಮಾಡಿಬಿಡುತ್ತೇನೆ. ನೀವು ಮೊದಲು ಮುಟ್ಟಿದರೆ ಅಲ್ಲಿ ಸಪ್ಪಲಮ್ಮ ಪೆಟ್ಟಿಗೆ ಕಟ್ಟಿಕೊಂಡು ನಿಂತಿರುತ್ತಾಳೆ. ಸೇಲಂಗೆ ನಿಮ್ಮ ಜೊತೆಯಲ್ಲೇ ಕರೆದುಕೊಂಡು ಹೋಗಿ.

ಇಂತಿ,
ಸೊನ್ನೆ ತಂದವಳ ಅಪ್ಪನೆಂದು ಊರೆಲ್ಲ ಗುರುತಿಸುವ,
ಸುಬ್ಬರಾಯಪ್ಪ
ಪೆನ್ನಾಗರಂ, ಸೇಲಂ ಜಿಲ್ಲೆ, ೧೯೩೬