ಅತ್ತೆಯ ಬುಗುಡಿ

ಜಮಖಂಡಿ, ೧೯೬೮

ಲೋಕಾಪುರದ ಅವ್ವನಿಗೆ ಶರಣು.

ಕಿವಿ ಚುಚ್ಚಲು ಅಕ್ಕಸಾಲಿ ಪತ್ತಾರನನ್ನು ಕರೆತರಬೇಡ. ಈ ಪತ್ರ ಅಪ್ಪನಿಗೂ ತೋರಿಸಬೇಡ.

ಬಸುರಿಗೆ ಏಳು ತಿಂಗಳಲ್ಲಿ ಮಾಡುವ ಕುಬಸದ ದಿನ ಈ ಮನೆಯ ಸೊಸೆ ಮೇಲ್ಗಿವಿಗೆ ಅತ್ತೆಯ ಬುಗುಡಿ ಇಟ್ಟುಕೊಳ್ಳಲೇಬೇಕು ಅಂತ ಇಲ್ಲಿಯವರು ಅಂದಾಗಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಚುಚ್ಚಿಸಿದ್ದು ಕೀವಾಗಿ, ತೂತು ಮುಚ್ಚಿಹೋದದ್ದನ್ನು ನಾವು ಇಲ್ಲಿ ಯಾರಿಗೂ ಹೇಳಿರಲಿಲ್ಲವಲ್ಲ.

ನಿನ್ನೆ ಅತ್ತೆ ಡಬ್ಬಿ ತೆಗೆದರು. ಹಳೆಯ ಮುತ್ತುಗಳು ತುಪ್ಪದ ಬಣ್ಣಕ್ಕೆ ತಿರುಗಿವೆ. ಅಷ್ಟು ಚೆಂದದ ಒಡವೆ ನಾನು ಕಂಡಿಲ್ಲ. ನೋಡುತ್ತಲೇ ಅಳು ಬಂತು, ಎಲ್ಲ ಹೇಳಿಬಿಟ್ಟೆ. ಅವರು ಬಾಗಿಲು ಹಾಕಿ ಬಂದು, ತಲೆಯ ಮೇಲಿನ ಸೆರಗು ಸರಿಸಿದರು. ಅವರ ಮೇಲ್ಗಿವಿಯಲ್ಲೂ ತೂತಿಲ್ಲ!

“ನಂದೂ ಹಿಂಗ ಆಗಿತ್ತವಾ. ಕೂದಲಿಗೆ ಕರಿ ದಾರ ಕಟ್ಟಿ ಬುಗುಡಿ ಕಿವಿ ಮ್ಯಾಲ ಇಳಿಬಿಡತಿದ್ದೆ. ಸೆರಗಿನ್ಯಾಗ ಯಾರಿಗೆ ಕಾಣತೈತಿ? ನಿಮ್ಮ ಮಾವಗ ಸೈತ ಗೊತ್ತಿಲ್ಲ,” ಅಂದು ನಕ್ಕರು. ನನಗೂ ಹಾಗೇ ಕಟ್ಟಿ ಕನ್ನಡಿ ಹಿಡಿದರು. ಈ ಉಪಾಯ ಅವರಿಗೆ ಹೇಳಿಕೊಟ್ಟವರು ಅವರ ಅತ್ತೆಯಂತೆ!

ಕುಬಸಕ್ಕೆ ಬರುವಾಗ ಹಸಿರು ಖಣದ ಜೊತೆ ಗಟ್ಟಿ ಕರಿ ದಾರದ ಒಂದು ಉಂಡೆ ತಾ. ಉಳಿದದ್ದನ್ನು ಬುಗುಡಿಯ ಡಬ್ಬಿಯಲ್ಲೇ ಇಡುತ್ತೇನೆ. ಮುಂದೆ ನನ್ನ ಸೊಸೆಗೂ ಬೇಕಾದೀತು.

ಈಗ ಹೊಟ್ಟೆ ತುಂಬ ಉಣ್ಣುತ್ತಿರುವ ನಿನ್ನ ಮಗಳು,
ಸಿದ್ದಕ್ಕ