ಕೃಷ್ಣೆಯಲ್ಲಿ ಕೆರೆಯ ಬುಟ್ಟಿ

ಅದೇ ಭಾರತಮ್ಮ, ನೆನ್ನೆ ಫೋನು ಕಟ್ಟಾಗುವ ಮುಂಚೆ ಹೇಳುತ್ತಿದ್ದೆನಲ್ಲ, ಮೀನಿನ ಮಾತು. ಇಲ್ಲಿ ಕೃಷ್ಣೆ ಇಳಿದು ಬರೀ ಬಂಡೆ ಕಾಣುತ್ತಿದೆ. ನನ್ನ ಕಾಲೇಜು ಇಂಗ್ಲಿಷಿನಲ್ಲಿ ಹೇಳುವುದಾದರೆ, ಕಂಡೀಷನ್ ಈಸ್ ವೆರಿ ಹೋಪ್‌ಲೆಸ್. ನಮ್ಮ ಶ್ರೀನಿವಾಸಪುರದ ಕಡೆ ಚೈತ್ರದಲ್ಲಿ ಕೆರೆ ಬತ್ತಿದರೆ ಬುಟ್ಟಿ ಬೋರಲು ಹಾಕಿ ಮೇಲಿನಿಂದ ಕೈಬಿಟ್ಟು ಮೀನು ಹಿಡಿಯುತ್ತೇವಲ್ಲ, ಅದೇ ಅಂದಾಜಿನಲ್ಲಿ ತಳವಿಲ್ಲದ ಬಿದಿರುಬುಟ್ಟಿಯನ್ನು ಬಸ್ಸಿನಲ್ಲಿ ರಾಯಚೂರಿನವರೆಗೂ ಹೊತ್ತು ತಂದೆ. ಇಲ್ಲಿ ಬಲೆ ಬೀಸುವ ಅಂಬಿಗರ ಮಲ್ಲೇಶಿ ಅದನ್ನು ನೋಡಿ ನಕ್ಕುಬಿಟ್ಟ: "ಇದು ನಿಮ್ಮ ಕೆರಿ ಅಲ್ರಿ ಯಜಮಾನ್ರ! ನೀರು ಇಳಿದ್ರ ಮೀನು ಮಡುವಿಗೆ ಹೋಗ್ತಾವ. ನನ್ನ ಬಲಿನೇ ಮೂರು ದಿನದಿಂದ ಖಾಲಿ ಐತಿ."

ನಿಮ್ಮಕ್ಕ ಆಸ್ಪತ್ರೆಯಲ್ಲಿ ಕೃಷ್ಣೆಯ ಹೊಳೆ ಮೀನು ಕೇಳಿದಾಗ ಕೆರೆಯದನ್ನು ಕೊಟ್ಟು ಹೊಳೆಯದೇ ಅಂದಿದ್ದೆ. "ಸುಳ್ಳು ಹೇಳ್ತೀರಲ್ಲ" ಅಂದು ಎರಡು ತುತ್ತು ತಿಂದಳು. ಅವಳು ತೀರಿಕೊಂಡ ವರ್ಷದ ಎಡೆಗಾದರೂ ನಿಜವಾದದ್ದನ್ನು ನನ್ನ ಕೈಯಾರೆ ಹಿಡಿದು ಇಡೋಣ ಅಂತ ಬಂದೆ. ಅದೂ ನನ್ನಿಂದಾಗಲಿಲ್ಲ.

ಮಂಡಿ ಊದಿದೆ, ಬಿಪಿ ಮಾತ್ರೆ ಇನ್ನೆರಡೇ ಇವೆ. ಅಮಾವಾಸ್ಯೆಗೆ ಕೆರೆ ಮೀನನ್ನೇ ತರಿಸಿಡು. ಎಡೆಯ ಮುಂದೆ ಮಾತ್ರ ಯಾರೂ ಹೊಳೆಯದು ಅನ್ನಬೇಡಿ. ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ.

ನಿನ್ನ ಭಾವ,
ಚನ್ನರಾಯಪ್ಪ