ನಡುವೆ ನಿಂತ ಮುಳ್ಳು

ಮುಳಬಾಗಿಲು
8 ಜನವರಿ 2004

ಶ್ರೀವಾಣಮ್ಮನವರಿಗೆ, ಗ್ಯಾರೇಜಿನ ಮುಖ್ತಿಯಾರ್ ಮಾಡುವ ಸಲಾಮು.

ನನ್ನಿಂದ ಪತ್ರ ಬಂದದ್ದು ನೋಡಿ ನಿಮಗೆ ಆಶ್ಚರ್ಯವಾಗಬಹುದು. ಕನ್ನಡ ಮಾತಾಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಬರೆಯಲು ಬರುವುದು ಮಾತ್ರ ಸಹಿಯಷ್ಟೇ. ನಾನು ಹೇಳುತ್ತಿದ್ದೇನೆ, ಟೀಚರ್ ಟ್ರೈನಿಂಗ್ ಓದುತ್ತಿರುವ ಮಗಳು ನಾಹಿದ್ ನೆಟ್ಟಗೆ ಮಾಡಿ ಬರೆಯುತ್ತಿದ್ದಾಳೆ. ನಡುನಡುವೆ ನನ್ನನ್ನು ದುರುಗುಟ್ಟಿ ನೋಡುತ್ತಾಳೆ. ಅದನ್ನೂ ಬರೆ ಎಂದಿದ್ದೇನೆ.

ನೀವು ಮಾಲೂರಿನ ಅಣ್ಣನ ಮನೆ ಸೇರಿ ಎಂಟು ತಿಂಗಳಾಯಿತು. ಇದೇ ಇಪ್ಪತ್ತೊಂದನೇ ತಾರೀಖು ಕೋರ್ಟಿನಲ್ಲಿ ನೀವೂ ಮಾಧವನೂ ಬೇರೆಯಾಗುತ್ತೀರಂತೆ. ಅಮ್ಮನ ಪ್ರಾಣ ತೆಗೆದವನ ಜೊತೆ ಬಾಳಲಾರೆ ಎಂದಿರಂತೆ. ತಾಯಿ, ಪ್ರಾಣ ತೆಗೆದವನು ಅವನಲ್ಲ.

ನಿಮ್ಮ ತಂದೆ ಬಿಟ್ಟುಹೋದ ಅಂಬಾಸಿಡರ್ ಕಾರಿನ ಎಂಜಿನ್ ಸತ್ತಾಗ, ಬೆಂಗಳೂರಿನ ಗುಜರಿಯಿಂದ ಹೊಸ ಕಾಲದ ಎಂಜಿನ್ ತಂದು ಕೂರಿಸಿದವನು ನಾನು. ಕಂಪ್ಯೂಟರ್ ಡಬ್ಬಿ, ಮೊಳಗಟ್ಟಲೆ ವೈರು, ಒಂದೊಂದು ಮೂಲೆಗೂ ಒಂದೊಂದು ಸೆನ್ಸರ್. ಮುಳಬಾಗಿಲಿನಲ್ಲಿ ಯಾರೂ ಮಾಡದ ಕೆಲಸ. ಮೂರು ವಾರ ಸ್ಟಾರ್ಟೇ ಆಗಲಿಲ್ಲ. ಒಂದು ಸೆನ್ಸರಿನ ವೈರು ಅದಲುಬದಲಾಗಿತ್ತು, ಇನ್ನೊಂದಕ್ಕೆ ಅರ್ತ್ ಸಿಕ್ಕಿರಲಿಲ್ಲ. ಒಂದೊಂದಾಗಿ ಹುಡುಕಿ ಹಿಡಿದೆ. ಎಂಜಿನ್ ಗುರ್ ಎಂದ ದಿನ ಬೀದಿಗೆಲ್ಲ ಚಹಾ ಕುಡಿಸಿದೆ. ಆ ಜಂಭ ಇನ್ನೂ ನನ್ನಲ್ಲಿದೆ, ಸುಳ್ಳು ಹೇಳುವುದಿಲ್ಲ.

ಉಳಿದದ್ದು ಶಾಖ ತೋರಿಸುವ ಮೀಟರೊಂದೇ. ಮೀಟರು ಹಳೆಯದು, ಸೆನ್ಸರು ಹೊಸದು. ಇದರ ಭಾಷೆ ಅದಕ್ಕೆ ತಿಳಿಯದು. ಐದು ನಿಮಿಷ ಓಡಿಸಿದರೆ ಮುಳ್ಳು ಕೆಂಪು ಗೆರೆಗೆ ಹೋಗುತ್ತಿತ್ತು, ಮುಟ್ಟಿ ನೋಡಿದರೆ ಎಂಜಿನ್ ಉಗುರುಬೆಚ್ಚಗೆ. ಹಳೆಯ ಸೆನ್ಸರ್ ಹಾಕೋಣವೆಂದರೆ ಹೊಸ ಎಂಜಿನ್ನಿನ ತೂತಿಗೆ ಅದು ಕೂರದು. ಕೋಲಾರದ ಲೇತ್ ಅಂಗಡಿಯಲ್ಲಿ ಅದು ಕೂರುವಂತೆ ಒಂದು ಹಿತ್ತಾಳೆ ಬಳೆ, ಬುಷ್ ಅನ್ನುತ್ತೇವೆ, ಮಾಡಿಸಬೇಕಿತ್ತು. ಅರ್ಧ ದಿನದ ಕೆಲಸ. ನಾನು ಹೋಗಲಿಲ್ಲ.

ಮಾಧವ ನಾಲ್ಕು ಸಲ ಕಾರು ವಾಪಸ್ ತಂದ. ನಿಮ್ಮ ತಾಯಿ ಅನಂತಲಕ್ಷ್ಮಮ್ಮನವರಿಗೆ ಆ ಕೆಂಪು ಕಂಡರೆ ಭಯ. ಮೈಲಿಗೊಮ್ಮೆ ಕಾರು ನಿಲ್ಲಿಸಿ ನೀರು ಹಾಕಿಸುತ್ತಿದ್ದರಂತೆ. ಐದನೇ ಸಲ ಬಂದಾಗ ಮೀಟರಿನ ವೈರಿಗೆ ಕರೆಂಟು ತಡೆಯುವ, ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರ್ ಬೆಸುಗೆ ಹಾಕಿ ಸೆನ್ಸರನ್ನು ಕಳಚಿಟ್ಟೆ. ಕೀ ತಿರುಗಿಸಿದರೆ ಸಾಕು, ಮುಳ್ಳು ನಡುವೆ ಬಂದು ನಿಲ್ಲುತ್ತಿತ್ತು. ಎಂಜಿನ್ ಉರಿದುಹೋದರೂ ಅಲ್ಲೇ. ಸೆನ್ಸರ್ ಬದಲಾಯಿಸಿದೆ ಎಂದು ಮಾಧವನಿಗೆ ಹೇಳಿದೆ. ಮುಂದಿನ ವಾರ ಸರಿಮಾಡೋಣವೆಂದುಕೊಂಡೆ. ಆ ವಾರ ಹನ್ನೊಂದು ತಿಂಗಳಾಯಿತು.

ಕಳೆದ ಮೇ ತಿಂಗಳಲ್ಲಿ ಎದೆನೋವೆಂದ ಅಮ್ಮನವರನ್ನು ಅವನೊಬ್ಬನೇ ಕೋಲಾರದ ಆಸ್ಪತ್ರೆಗೆ ಹೊರಡಿಸಿದ. ನೀರಿನ ಪೈಪು ಬಿರಿದು, ದಾರಿಯುದ್ದಕ್ಕೂ ಸೋರಿದೆ. ಮುಳ್ಳು ನಿಜ ಹೇಳಿದ್ದರೆ ಊರಂಚಿನಲ್ಲೇ ಅವನಿಗೆ ಗೊತ್ತಾಗುತ್ತಿತ್ತು, ಬೇರೆ ಗಾಡಿ ಹಿಡಿಯುತ್ತಿದ್ದ. ಎಂಜಿನ್ ಕಾದು ಬಿಗಿಹಿಡಿದು ನಿಂತದ್ದು ಬಟಾಬಯಲಿನಲ್ಲಿ. ಮುಕ್ಕಾಲು ಗಂಟೆಯ ಮೇಲೆ ಟೊಮೇಟೊ ಸಾಗಿಸುವ ಟೆಂಪೊ ಸಿಕ್ಕಿತು. ಮುಂದಿನದು ನಿಮಗೆ ಗೊತ್ತು.

ನಿಮಗೆ ಗೊತ್ತಿಲ್ಲದ್ದು ಇದು. ಕಾರನ್ನು ಎಳೆದು ತಂದಾಗ ನಾನು ಬಾನೆಟ್ ಎತ್ತಲಿಲ್ಲ, ಮೊದಲು ಮೀಟರಿನ ಹಿಂದೆ ಕೈ ಹಾಕಿ ಆ ರೆಸಿಸ್ಟರ್ ಕಿತ್ತೆ. ಮಾರನೇ ಬೆಳಿಗ್ಗೆಯೇ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಬುಷ್ ಮಾಡಿಸಿ ತಂದು ಹಳೆಯ ಸೆನ್ಸರ್ ಕೂರಿಸಿದೆ. ನೀವಿಬ್ಬರೂ ಗ್ಯಾರೇಜಿಗೆ ಬಂದ ದಿನ ಮಾಧವ, "ಮುಳ್ಳು ನಡುವೇನೇ ಇತ್ತು ಕಣೇ, ನಿನ್ನಾಣೆ" ಎನ್ನುತ್ತಿದ್ದ. ಮೀಟರು ಸರಿಯಿದೆಯೇ ಎಂದು ನೀವು ನನ್ನನ್ನು ಕೇಳಿದಿರಿ. ನಾನು ಆ ಸೆನ್ಸರ್ ಬಿಚ್ಚಿ, ಅರ್ತ್ ವೈರು ಕಟ್ಟಿ, ಕುದಿಯುವ ನೀರಿನ ಪಾತ್ರೆಯಲ್ಲಿ ಅದ್ದಿದೆ. ಮುಳ್ಳು ನಿಧಾನಕ್ಕೆ ಏರಿ ಕೆಂಪಿನಲ್ಲಿ ನಿಂತಿತು. "ಮೀಟ್ರು ಸರ್ಯಾಗೈತಲ್ಲಮ್ಮಾ" ಎಂದೆ. ನೀವು ಒಂದು ಸಲ ಮಾಧವನ ಮುಖ ನೋಡಿದಿರಿ, ಹೊರಟುಹೋದಿರಿ. ಆ ನೋಟಕ್ಕೆ ಅವನು ಮುದುಡಿಹೋದದ್ದನ್ನು ಕಂಡೂ ನಾನು ಬಾಯಿ ಬಿಡಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹೋಗಲಿ. ಅವನದನ್ನು ನೀವು ಹಿಂದಕ್ಕೆ ಕೊಡಬಲ್ಲಿರಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಈ ಪತ್ರವನ್ನು ಜಡ್ಜರ ಮುಂದೆ ಇಡಿ, ನಾನೇ ಬಂದು ಹೇಳುತ್ತೇನೆ. ನಾಳೆ ಮಾಧವನನ್ನು ಕರೆಸಿ ಅವನಿಗೂ ಎಲ್ಲ ಹೇಳಿಬಿಡುತ್ತೇನೆ.

ನಿಮ್ಮ ತಪ್ಪಿತಸ್ಥ,
ಮುಖ್ತಿಯಾರ್

ಮರೆತ ಮಾತು: ಅಕ್ಕಾ, ಇದು ನಾಹಿದ್ ಬರೆಯುತ್ತಿರುವುದು, ಎರಡು ದಿನದ ಮೇಲೆ. ಮಾಧವಣ್ಣ ನಿನ್ನೆ ಬಂದಿದ್ದರು. ಅಬ್ಬಾ ಬಾಯಿ ತೆರೆಯುವ ಮೊದಲೇ ಅವರು, "ಮುಳ್ಳು ಕೆಂಪಲ್ಲೇ ಇತ್ತು ಅನ್ಸುತ್ತೆ ಮುಖ್ತಿಯಾರ್ ಭಾಯ್, ನಾನೇ ನೋಡ್ಲಿಲ್ಲ. ಕೋರ್ಟಲ್ಲೂ ಹಾಗೇ ಒಪ್ಕೊಂಡ್ಬಿಡ್ತೀನಿ" ಎಂದರು. ಅಬ್ಬಾ ಅದಕ್ಕೆ, "ಆಗಿದ್ದು ಆಗೋಯ್ತು ಬಿಡಪ್ಪ" ಎಂದು ಅವರ ಬೆನ್ನು ಸವರಿ ಕಳಿಸಿದರು. ಪತ್ರವನ್ನು ಒಲೆಗೆ ಹಾಕು ಎಂದು ನನಗೆ ಹೇಳಿದರು. ನಾನು ಅದರ ಬದಲು ಹಳೆಯ ನೋಟ್ಸಿನ ಹಾಳೆ ಹಾಕಿದೆ. ನೀವು ಬಂದು ಕೇಳಿದರೆ ಅಬ್ಬಾ ಇಲ್ಲವೆನ್ನಬಹುದು. ಅವರನ್ನು ಕೇಳಲು ಬರಬೇಡಿ. ಮಾಧವಣ್ಣನ ಹತ್ತಿರ ಹೋಗಿ. ತಾವು ಕಂಡದ್ದು ನಿಜವೆಂದು ಅವರಿಗೆ ಹೇಳುವವರು ಈ ಊರಿನಲ್ಲಿ ಯಾರೂ ಇಲ್ಲ.